ಹದಿನೇಳನೇ ನಂಬರಿನ ಪ್ರಬಂಧ

ನನಗೆ ಸಿಟ್ಟು ಬಂದಿದೆ. ಬಂದು ಮೂರು ತಿಂಗಳಾಯಿತು, ಇನ್ನೂ ಇಳಿದಿಲ್ಲ. ಮನೆಯವರು ‘ಒಂದ್ಸಲ ಬಿ.ಪಿ. ನೋಡಿಸ್ಕೊ’ ಎಂದರು. ನೋಡಿಸಿಕೊಂಡೆ, ಸರಿಯಾಗಿಯೇ ಇದೆ. ಅಂದಮೇಲೆ ಇದು ಕಾಯಿಲೆಯಲ್ಲ, ಬರೀ ಸಿಟ್ಟು. ಯಾರ ಮೇಲೆ ಎಂದು ಮೊದಮೊದಲು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ: ಫೋನಿನೊಳಗೆ ಕೂತು ಕೇಳಿದವರಿಗೆಲ್ಲ ಕತೆ, ಕವಿತೆ, ಪ್ರಬಂಧ ಬರೆದುಕೊಡುವ ಆ ಎ.ಐ. ಎಂಬ ಯಂತ್ರದ ಮೇಲೆ. ಈಗ ಕೇಳಿದರೆ ಉತ್ತರ ಅಷ್ಟು ಚಿಕ್ಕದಾಗಿ ಮುಗಿಯುವುದಿಲ್ಲ. ಆ ಉದ್ದದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂಡಿಗೆರೆ ಪೇಟೆಯಲ್ಲಿ ನಮ್ಮದೊಂದು ಕಾಫಿ ಪುಡಿ ಅಂಗಡಿ. ಶುರು ಮಾಡಿದವರು ನಮ್ಮ ಮಾವನವರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬೀಜ ಹುರಿಯುವ ಡ್ರಮ್ಮಿನ ಮುಂದೆ ನಿಂತಿರುತ್ತಿದ್ದರು. ನಾನು ಸೊಸೆಯಾಗಿ ಬಂದ ಮೊದಲ ವಾರವೇ ಅವರು ನನಗೊಂದು ಪಾಠ ಹೇಳಿಕೊಟ್ಟರು. ಒಂದು ಗ್ಲಾಸ್ ತಣ್ಣೀರು ತೆಗೆದುಕೊಂಡು ಅದರ ಮೇಲೆ ಚಿಟಿಕೆ ಪುಡಿ ಉದುರಿಸಬೇಕು. ಕಾಫಿಯಾದರೆ ತೇಲುತ್ತದೆ. ಚಿಕೋರಿಯಾದರೆ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ. ಚಿಕೋರಿ ಹಾಕುವುದು ತಪ್ಪೇನಲ್ಲ, ಗಿರಾಕಿ ಕೇಳಿದರೆ ನಾವೇ ಬೆರೆಸಿ ಕೊಡುತ್ತೇವೆ. ‘ಹಾಕಿ, ಹಾಕಿಲ್ಲ ಅನ್ನೋದು ತಪ್ಪು ಕಣಮ್ಮ’ ಎನ್ನುತ್ತಿದ್ದರು ಮಾವನವರು. ಕೆಲವು ವರ್ಷ ಕಳೆದ ಮೇಲೆ ನನಗೆ ಗ್ಲಾಸೂ ಬೇಡವಾಯಿತು. ಪೊಟ್ಟಣ ಬಿಚ್ಚಿದರೆ ಸಾಕು, ಮೂಗೇ ಹೇಳುತ್ತಿತ್ತು. ಆ ಮೂಗಿನ ಜಂಬವೇ ಕೊನೆಗೆ ನನ್ನನ್ನು ಕೆಡಿಸಿತು.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಗಲ್ಲಾದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕತೆ ಬರೆಯುವುದು ನನ್ನ ಅಭ್ಯಾಸ. ಮೂರು ಸಂಕಲನಗಳು ಬಂದಿವೆ. ದೊಡ್ಡ ಹೆಸರೇನಿಲ್ಲ, ಆದರೆ ತಾಲ್ಲೂಕಿನಲ್ಲಿ ಯಾವ ಶಾಲೆ, ಯಾವ ಸಂಘದ ಸ್ಪರ್ಧೆಯಿದ್ದರೂ ‘ಪುಡಿ ಅಂಗಡಿ ಅಕ್ಕ ಇದ್ದಾರಲ್ಲ’ ಎಂದು ತೀರ್ಪಿಗೆ ನನ್ನನ್ನೇ ಕರೆಯುತ್ತಾರೆ. ಹಾಗೆ ಕರೆಯುವ ಸಂಘವೊಂದು ಪ್ರತಿವರ್ಷ ಹೈಸ್ಕೂಲು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಸುತ್ತದೆ. ಗೆದ್ದ ಪ್ರಬಂಧವನ್ನು ಸಭೆಯಲ್ಲಿ ಓದಿಸುತ್ತಾರೆ, ಪುಟ್ಟ ಪುಸ್ತಕವೊಂದರಲ್ಲಿ ಅಚ್ಚು ಹಾಕಿಸಿ ಬಂದ ಮಕ್ಕಳಿಗೆಲ್ಲ ಹಂಚುತ್ತಾರೆ. ತನ್ನ ಬರಹವನ್ನು ಅಚ್ಚಿನಲ್ಲಿ ನೋಡುವುದೆಂದರೆ ಹದಿನಾಲ್ಕು ವರ್ಷದ ಮಗುವಿಗೆ ಏನೆಂದು ನನಗೆ ಗೊತ್ತು. ನನ್ನ ಮೊದಲ ಬರಹ ಅಚ್ಚಾದಾಗ ಆ ಪುಟವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದವಳು ನಾನು.

ಹಿಂದಿನ ವರ್ಷ ಬಂದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಫೋನಿನಿಂದ ಇಳಿದು ಬಂದಿದ್ದವು. ಹಾಗಾಗಿ ಈ ಸಲ ಸಂಘದವರು ತಯಾರಿಗೆಂದು ಸೇರಿದಾಗ ನಾನು ಮೇಜು ಕುಟ್ಟಿ ಹೇಳಿದೆ: ‘ನಿಯಮ ನಾನು ಮಾಡ್ತೀನಿ. ಕೈಯಲ್ಲಿ ಬರೀಬೇಕು. ಹೆಸರು, ಶಾಲೆ, ಊರು ಏನೂ ಹಾಕಬಾರದು. ನಂಬರ್ ಮಾತ್ರ.’ ಹೆಸರು ಬೇಡವೆಂದದ್ದಕ್ಕೆ ಬೇರೆ ಕಾರಣವಿತ್ತು. ಎಸ್ಟೇಟಿನವರ ಮಕ್ಕಳಿಗೇ ಬಹುಮಾನ ಹೋಗುತ್ತದೆಂದು ಪೇಟೆಯಲ್ಲಿ ಗುಸುಗುಸು ಇತ್ತು, ಅದನ್ನು ನಿಲ್ಲಿಸಬೇಕಿತ್ತು. ‘ಕೈಯಲ್ಲಿ ಬರೆದ್ರೂ ಫೋನ್ ನೋಡ್ಕೊಂಡು ಬರೀಬಹುದಲ್ಲ ಅಕ್ಕ?’ ಎಂದು ಯಾರೋ ಕೇಳಿದರು. ‘ಅದನ್ನ ನನ್ನ ಮೂಗಿಗೆ ಬಿಡಿ’ ಎಂದೆ. ವಿಷಯವನ್ನೂ ನಾನೇ ಕೊಟ್ಟೆ: ನನ್ನೂರಿನ ಒಂದು ಬೆಳಗು.

ಅರವತ್ತು ಚಿಲ್ಲರೆ ಹಾಳೆಗಳು ಬಂದವು. ಅಂಗಡಿಯಲ್ಲೇ ಕೂತು ಒಂದು ವಾರ ಓದಿದೆ. ದೇವರೇ, ಏನು ಬೆಳಗುಗಳು! ಎಲ್ಲರ ಊರೂ ಪ್ರಕೃತಿಮಾತೆಯ ಮಡಿಲಲ್ಲೇ ಇತ್ತು. ಎಲ್ಲರ ಸೂರ್ಯನೂ ಹೊಂಗಿರಣಗಳನ್ನೇ ಚೆಲ್ಲುತ್ತಿದ್ದ. ಹಕ್ಕಿಗಳು ಇಂಚರವನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಒಬ್ಬರ ಊರಿನಲ್ಲಂತೂ ಒಂದೇ ಬೆಳಗಿನಲ್ಲಿ ಕಾಫಿ ಹೂ ಬಿಟ್ಟು, ಹಣ್ಣಾಗಿ, ಕುಯ್ಲೂ ಮುಗಿದುಹೋಗಿತ್ತು. ಈ ಬೆಟ್ಟಗಳಲ್ಲಿ ಹುಟ್ಟಿದ ಮಗು, ಗಿಡಕ್ಕೆ ಹೂ ಯಾವಾಗ ಬರುತ್ತದೆ ಎಂದು ಕಿಟಕಿಯಿಂದ ತಲೆ ಹೊರಹಾಕಿ ನೋಡದೆ ಫೋನನ್ನು ಕೇಳಿದೆಯಲ್ಲ ಎಂದು ಮೈ ಉರಿಯಿತು. ಕೆಂಪು ಪೆನ್ಸಿಲ್ ಹಿಡಿದು ಒಂದೊಂದಾಗಿ ಹೊಡೆದುಹಾಕಿದೆ. ಆ ಹೊಡೆಯುವುದರಲ್ಲಿ ಒಂದು ಖುಷಿಯೂ ಇತ್ತೆಂದು ಈಗ ಒಪ್ಪಿಕೊಳ್ಳಬೇಕು.

ಆಮೇಲೆ ಹದಿನೇಳನೇ ನಂಬರು ಕೈಗೆ ಬಂತು. ದುಂಡನೆಯ ಅಕ್ಷರ, ಒಂದೂ ಚಿತ್ತುಕಾಟಿಲ್ಲ. ಅದು ಹೀಗೆ ಶುರುವಾಗಿತ್ತು: ‘ಬೆಳಿಗ್ಗೆ ಏಳೂವರೆಗೆ ತೋಟದಲ್ಲಿ ಹಾಜರಿ ಕರೆಯುತ್ತಾರೆ. ನನ್ನ ಅಮ್ಮನ ಹೆಸರು ಅವರ ಬಾಯಿಗೆ ಬರುವುದಿಲ್ಲ. ಅವರು ಬೇರೊಂದು ಹೆಸರು ಕರೆಯುತ್ತಾರೆ. ಅಮ್ಮ ಅದಕ್ಕೇ ಕೈ ಎತ್ತುತ್ತಾಳೆ. ಬೆಳಿಗ್ಗೆ ಏಳೂವರೆಯಿಂದ ಸಂಜೆಯವರೆಗೆ ನನ್ನ ಅಮ್ಮನಿಗೆ ಬೇರೆ ಹೆಸರು. ಸಂಜೆ ಕೈಕಾಲು ತೊಳೆದುಕೊಂಡು ಅವಳು ತನ್ನ ಹೆಸರಿಗೆ ಮರಳುತ್ತಾಳೆ.’

ಓದಿ ಹಾಳೆಯನ್ನು ಕೆಳಗಿಟ್ಟೆ. ಮತ್ತೆ ತೆಗೆದುಕೊಂಡು ಓದಿದೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಮೂವತ್ತು ವರ್ಷದಿಂದ ಈ ಮೇಜಿನ ಮೇಲೆ ಬರೆಯುತ್ತಿದ್ದೇನೆ, ತೋಟದ ಹೆಂಗಸರು ದಿನಾ ಅಂಗಡಿಯ ಮುಂದೆಯೇ ಜೀಪು ಹತ್ತುತ್ತಾರೆ, ಇಂಥದೊಂದು ವಾಕ್ಯ ನನಗೆ ಹೊಳೆದಿಲ್ಲ. ಹೊಟ್ಟೆಕಿಚ್ಚಿನ ಹಿಂದೆಯೇ ಅನುಮಾನ ಬಂತು. ಹೈಸ್ಕೂಲಿನ ಮಗು ಹೀಗೆ ಬರೆಯುತ್ತದೆಯೇ? ನಮ್ಮ ಕಡೆಯ ಒಂದು ಮಾತಿಲ್ಲ, ಒಂದು ತಪ್ಪಿಲ್ಲ, ಎಲ್ಲ ಅಚ್ಚುಕಟ್ಟು. ಪುಟ ತಿರುಗಿಸಿದರೆ ಹೀಗಿತ್ತು: ‘ಊರಿನ ನದಿಗೆ ಆಚೆ ದಡ ಕಾಣುವುದಿಲ್ಲ. ಬೆಳಿಗ್ಗೆ ದೋಣಿಗಳು ಮಂಜಿನೊಳಗೆ ಹೋಗುತ್ತವೆ. ಹುಟ್ಟು ಹಾಕುವ ಶಬ್ದ ಮಾತ್ರ ವಾಪಸು ಬರುತ್ತದೆ.’

ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ನಮ್ಮ ಹೇಮಾವತಿಯನ್ನು ಬೇಸಿಗೆಯಲ್ಲಿ ಪಂಚೆ ಎತ್ತಿಕಟ್ಟಿ ದಾಟಬಹುದು. ಕಳಸದ ಭದ್ರೆಗೂ ಆಚೆ ದಡ ಇದ್ದೇ ಇದೆ. ಆಚೆ ದಡ ಕಾಣದ ನದಿ ಮೂಡಿಗೆರೆ ಕಡೆ ಎಲ್ಲಿಂದ ಬಂತು? ಕಾಫಿ ತೋಟದ ಅಮ್ಮನಿಗೆ ಎಲ್ಲಿಯದೋ ನದಿ ಅಂಟಿಸಿದೆ ಯಂತ್ರ, ಅದಕ್ಕೆ ಊರು ಗೊತ್ತಿಲ್ಲವಲ್ಲ. ಆ ಒಳ್ಳೆಯ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ಬದಿಯಲ್ಲಿ ‘ಯಂತ್ರದ ಬರಹ’ ಎಂದು ಬರೆದು ಸಹಿ ಹಾಕಿದೆ. ಮನಸ್ಸಿಗೆ ನಿರಾಳವಾಯಿತು. ಆ ವಾಕ್ಯವನ್ನು ಯಾವ ಮಗುವೂ ಬರೆದಿಲ್ಲ ಎಂದಾದ ಮೇಲೆ ನಾನು ಸೋತದ್ದೂ ಇಲ್ಲವಲ್ಲ.

ಮೊದಲ ಬಹುಮಾನ ನಲವತ್ತೆರಡನೇ ನಂಬರಿಗೆ ಕೊಟ್ಟೆ. ಅದರಲ್ಲೊಬ್ಬ ಅಜ್ಜಿ ಇದ್ದಳು. ಒಲೆಯ ಮುಂದೆ ಕೂತು ಕಡುಬು ಬೇಯಿಸುತ್ತ, ‘ಎದ್ದೇಳೋ ಮಾರಾಯ, ಹೊತ್ತು ಎಷ್ಟಾಯ್ತು’ ಎಂದು ಮೊಮ್ಮಗನನ್ನು ಎಬ್ಬಿಸುತ್ತಿದ್ದಳು. ಹೆಂಚಿನಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಅಲ್ಲಲ್ಲಿ ವಾಕ್ಯ ಎಡವಿತ್ತು, ಒಂದೆರಡು ಕಡೆ ತಪ್ಪೂ ಇತ್ತು. ಇದಪ್ಪಾ ಮನುಷ್ಯರು ಬರೆದದ್ದು ಎಂದು ನನಗೆ ಕಣ್ಣು ತುಂಬಿ ಬಂತು.

ಸಮಾರಂಭದಲ್ಲಿ ನನ್ನ ಕೈಗೆ ಮೈಕು ಕೊಟ್ಟರು. ಹಾಲ್ ತುಂಬ ಮಕ್ಕಳು, ಮೇಷ್ಟರುಗಳು, ತಂದೆತಾಯಿಗಳು. ನಾನು ಎ.ಐ. ಮೇಲೆ ಹರಿಹಾಯ್ದೆ. ಬರೆಯುವುದೆಂದರೆ ಒದ್ದಾಡುವುದು, ಒದ್ದಾಡದೆ ಬಂದದ್ದು ನಿಮ್ಮದಲ್ಲ ಎಂದೆ. ಮನುಷ್ಯರು ಬರೆಯುವುದೆಂದರೆ ಹೀಗೆ ಎಂದು ಅಜ್ಜಿಯ ಪ್ರಬಂಧವನ್ನು ಎತ್ತಿ ತೋರಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಚಪ್ಪಾಳೆ ಬಿತ್ತು, ನನಗೆ ಹುರುಪು ಹೆಚ್ಚಾಯಿತು. ‘ಯಂತ್ರ ಹೇಗೆ ಬರೆಯುತ್ತದೆ ಅಂತ ತೋರಿಸ್ತೀನಿ ಕೇಳಿ’ ಎಂದು ಹದಿನೇಳನೇ ನಂಬರಿನ ಹಾಳೆ ತೆಗೆದೆ. ಅಮ್ಮನ ಹೆಸರಿನ ಮಾತುಗಳನ್ನು ನಾಟಕದವರ ಹಾಗೆ ರಾಗ ಎಳೆದು ಓದಿದೆ. ನದಿಯ ಮಾತನ್ನೂ ಓದಿದೆ. ‘ಪಾಪ, ಇದಕ್ಕೆ ಅಮ್ಮನೂ ಇಲ್ಲ, ಹೆಸರೂ ಇಲ್ಲ. ಆಚೆ ದಡವೇ ಇಲ್ಲದ ನದಿಯೊಂದನ್ನು ತಂದು ನಮ್ಮ ಮೂಡಿಗೆರೆಗೆ ಹರಿಸಿಬಿಟ್ಟಿದೆ’ ಎಂದೆ. ಹಾಲ್ ಗೊಳ್ಳೆಂದು ನಕ್ಕಿತು. ಅಷ್ಟು ಜನ ನಕ್ಕದ್ದು ನನ್ನ ಯಾವ ಕತೆಗೂ ಇಲ್ಲ.

ಎರಡು ದಿನ ಬಿಟ್ಟು ಅಂಗಡಿಗೆ ಒಬ್ಬರು ಮೇಷ್ಟ್ರು ಬಂದರು. ಬಣಕಲ್ ದಾಟಿ ಒಳಗೆ ಹೋದರೆ ಸಿಗುವ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವರು, ನಮ್ಮ ಹಳೇ ಗಿರಾಕಿ. ಅವತ್ತು ಪುಡಿ ಕೇಳಲಿಲ್ಲ. ಕೈಯಲ್ಲಿದ್ದ ಬಟ್ಟೆ ಚೀಲವನ್ನು ಮೇಜಿನ ಮೇಲಿಟ್ಟು, ‘ಮೇಡಂ, ಹದಿನೇಳನೇ ನಂಬರು ನಮ್ಮ ಶಾಲೆ ಹುಡುಗಿ’ ಎಂದರು.

‘ಯಾವ ಆ್ಯಪಲ್ಲಿ ಬರೆದಳಂತೆ?’ ಎಂದೆ ನಾನು.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಅವರ ಮನೇಲಿರೋದು ಒಂದೇ ಫೋನು ಮೇಡಂ. ಅವಳಪ್ಪಂದು, ಬಟನ್ ಫೋನು. ಅಸ್ಸಾಮಿನಿಂದ ಬಂದವರು. ಇವಳು ಬಂದಾಗ ಆರು ವರ್ಷ. ಅಪ್ಪ ತೋಟದಲ್ಲಿ ಮರ ಹತ್ತಿ ಕೊಂಬೆ ಕಡಿಯೋ ಮರಗಸಿ ಕೆಲಸ ಮಾಡ್ತಾನೆ, ಅಮ್ಮ ಹಣ್ಣು ಕುಯ್ತಾಳೆ. ಅಲ್ಲೇ ಕೂಲಿಯವರ ಲೈನ್ ಮನೇಲಿದಾರೆ.’

‘ಅಸ್ಸಾಂ ಹುಡುಗಿ ಇಂಥ ಕನ್ನಡ ಬರೀತಾಳಾ ಮೇಷ್ಟ್ರೆ?’ ನನ್ನ ಬಾಯಿಂದ ಬಂದ ಮಾತು ಇದು. ಆಡಿದ ಮಾತನ್ನು ನುಂಗುವ ಹಾಗಿದ್ದರೆ ಅವತ್ತೇ ನುಂಗುತ್ತಿದ್ದೆ.

‘ಅದಕ್ಕೇ ಇಂಥ ಕನ್ನಡ ಬರೆಯೋದು’ ಎಂದರು ಅವರು. ‘ಮನೇಲಿ ಕನ್ನಡ ಇಲ್ಲ. ಲೈನಲ್ಲಿ ನಾಲ್ಕು ಭಾಷೆ. ಅವಳ ಕನ್ನಡ ಪೂರ್ತಿ ನಮ್ಮ ಶಾಲೆ ಕಪಾಟಿಂದು. ಆ ಕಪಾಟಿನ ಪುಸ್ತಕ ಒಂದೊಂದನ್ನೂ ಎರಡೆರಡು ಸಲ ಓದಿದಾಳೆ. ಅಚ್ಚಿನ ಥರ ಬರೀತಾಳೆ, ಅಚ್ಚಿನ ಥರಾನೇ ಮಾತಾಡ್ತಾಳೆ. ಹುಡುಗರೆಲ್ಲ ಅವಳನ್ನ ‘ವಾರ್ತೆಗಳು’ ಅಂತ ರೇಗಿಸ್ತಾವೆ.’

‘ಮತ್ತೆ ಆ ನದಿ?’

‘ಬ್ರಹ್ಮಪುತ್ರ. ನನ್ನೂರು ಅಂದ್ರೆ ಅವಳಿಗೆ ಎರಡು ಊರಲ್ವಾ ಮೇಡಂ. ಊರಿನ ಹೆಸರು ಹಾಕಬಾರದು ಅಂತ ನಿಮ್ಮದೇ ರೂಲ್ಸು.’

ಆಗಲಾದರೂ ಸುಮ್ಮನಾಗಬೇಕಿತ್ತು. ತಾ ಕಳ್ಳ ಪರರ ನಂಬ ಎನ್ನುತ್ತಾರೆ. ನಾನು ಯಾರ ಬರಹವನ್ನೂ ಕದ್ದವಳಲ್ಲ, ಆದರೂ ನಂಬಿಕೆ ಎಂಬುದು ನನ್ನೊಳಗೆ ಪೂರ್ತಿ ಕೆಟ್ಟುಹೋಗಿತ್ತು. ‘ಇಲ್ಲಿಗೆ ಕರ್ಕೊಂಡು ಬನ್ನಿ, ನನ್ನ ಮುಂದೆ ಕೂತು ಒಂದು ಪುಟ ಬರೀಲಿ, ನೋಡೋಣ’ ಎಂದೆ.

‘ನಿಮ್ಮನ್ನ ಯಾರಾದ್ರೂ ಹಾಗೆ ಕೂರಿಸಿದ್ರೆ ನೀವು ಬರೀತೀರಾ?’ ಎಂದಷ್ಟೇ ಕೇಳಿ ಮೇಷ್ಟ್ರು ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ರಫ್ ನೋಟ್‌ಬುಕ್, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಿಂದ ಹೊದಿಕೆ ಹಾಕಿದ್ದು. ನಡುವಿನ ಪುಟವೊಂದನ್ನು ತೆರೆದು ನನ್ನ ಕಡೆ ತಿರುಗಿಸಿದರು.

‘ನನ್ನ ಅಮ್ಮನ ಹೆಸರನ್ನು ರೈಟರು ತಪ್ಪಾಗಿ ಕರೆಯುತ್ತಾರೆ’ ಎಂದಿತ್ತು. ತೋಟದಲ್ಲಿ ಹಾಜರಿ ಬರೆದುಕೊಳ್ಳುವವರನ್ನು ನಮ್ಮ ಕಡೆ ರೈಟರು ಎನ್ನುತ್ತಾರೆ. ಅದನ್ನು ಹೊಡೆದುಹಾಕಿದ್ದಳು. ಕೆಳಗೆ ‘ಅಮ್ಮನಿಗೆ ಎರಡು ಹೆಸರುಗಳಿವೆ.’ ಅದಕ್ಕೂ ಕಾಟು. ‘ತೋಟದಲ್ಲಿ ಅಮ್ಮ ಬೇರೆ ಯಾರೋ.’ ಇದನ್ನು ಎಷ್ಟು ಒತ್ತಿ ಹೊಡೆದಿದ್ದಳೆಂದರೆ ಹಾಳೆ ಹರಿದು ಹಿಂದಿನ ಪುಟ ಕಾಣುತ್ತಿತ್ತು. ಇನ್ನೂ ಮೂರು ಸಾಲು, ಮೂರೂ ಕಾಟು. ಎಲ್ಲದರ ಕೆಳಗೆ, ಸಣ್ಣಗೆ, ಆ ವಾಕ್ಯ ಇತ್ತು. ಬೆಳಿಗ್ಗೆ ಏಳೂವರೆಯಿಂದ ಸಂಜೆಯವರೆಗೆ ನನ್ನ ಅಮ್ಮನಿಗೆ ಬೇರೆ ಹೆಸರು.

ಒದ್ದಾಡದೆ ಬಂದದ್ದು ನಿಮ್ಮದಲ್ಲ ಎಂದು ಮೈಕಿನಲ್ಲಿ ಕೂಗಿದವಳು ನಾನು. ಒದ್ದಾಡಿದ್ದೆಲ್ಲ ಇಲ್ಲಿತ್ತು. ‘ಅವತ್ತು ಅವಳು ಸಮಾರಂಭದಲ್ಲಿದ್ದಳಾ?’ ಎಂದು ಕೇಳಿದೆ.

‘ಮೂರನೇ ಸಾಲಲ್ಲಿದ್ದಳು ಮೇಡಂ. ಎಲ್ಲರೂ ನಕ್ಕಾಗ ಅವಳೂ ನಕ್ಕಳು. ಪಕ್ಕದವರಿಗೆ ಗೊತ್ತಾಗಬಾರದಲ್ಲ.’

ಮೇಷ್ಟ್ರು ಹೋದ ಮೇಲೆ ಡ್ರಮ್ಮಿನಲ್ಲಿದ್ದ ಬೀಜ ಕರಕಲಾಗಿ ಹೊಗೆ ಅಂಗಡಿಯೆಲ್ಲ ತುಂಬಿತು. ಮೂವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಬೀಜ ಸುಟ್ಟದ್ದು ಅದೇ ಮೊದಲು.

ಒಂದು ತಪ್ಪಾಯಿತು, ಆದರೆ ಮೊದಲ ಬಹುಮಾನವಾದರೂ ಸರಿಯಾದವರಿಗೆ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದೂ ವಾರ ದಾಟಲಿಲ್ಲ. ಗೆದ್ದ ಹುಡುಗನ ತಂದೆ, ಎಸ್ಟೇಟಿನ ಮಾಲೀಕರು, ತಮ್ಮದೇ ತೋಟದ ಬೀಜ ಹುರಿಸಿ ಪುಡಿ ಮಾಡಿಸಿಕೊಂಡು ಹೋಗಲು ಬಂದರು. ವರ್ಷಗಳಿಂದ ಬರುವವರು. ‘ಅಜ್ಜಿ ಪ್ರಬಂಧ ತುಂಬಾ ಚೆನ್ನಾಗಿತ್ತು. ನಿಮ್ಮ ತಾಯಿಯವ್ರು ಈಗ್ಲೂ ಕಡುಬು ಮಾಡ್ತಾರಾ?’ ಎಂದು ವಿಚಾರಿಸಿದೆ.

‘ನಮ್ಮ ತಾಯಿಯವ್ರಾ? ಅವ್ರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತಲ್ಲ. ಇವ್ನು ನೋಡೇ ಇಲ್ಲ’ ಎಂದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ‘ಅದು ಫೋನಿನ ಅಜ್ಜಿ ಮಾರಾಯ್ರೆ! ಮೊದ್ಲು ಬಂದಿದ್ದು ಸಪ್ಪೆ ಇತ್ತು. ಒಂದು ಅಜ್ಜಿ ಹಾಕು, ಮಳೆ ಹಾಕು, ನಮ್ಮ ಕಡೆ ಮಾತು ಹಾಕು, ಒಂದೆರಡು ತಪ್ಪೂ ಇರ್ಲಿ ಅಂತ ನಾನೇ ಹೇಳ್ಕೊಟ್ಟೆ. ಎರಡು ನಿಮಿಷದಲ್ಲಿ ಬಂತು. ಕೈಯಲ್ಲಿ ಬರೀಬೇಕು ಅಂದ್ರಲ್ಲ ನೀವು, ಅದಕ್ಕೆ ಮಾತ್ರ ಎರಡು ಗಂಟೆ. ಕೈ ನೋವು ಅಂತ ಅಳ್ತಾ ಇದ್ದ ಪಾಪ.’

ಹುಡುಗನ ಕೈನೋವಿಗೆ ನಾನೇ ಹೊಣೆ ಎನ್ನುವ ಹಾಗಿತ್ತು ಅವರ ದನಿ. ನಾನು ಬೀಜದ ಚೀಲದ ಬಾಯಿ ಕಟ್ಟಿ ಅವರ ಕಡೆ ತಳ್ಳಿದೆ. ‘ಬೇರೆ ಕಡೆ ಹುರಿಸ್ಕೊಳ್ಳಿ’ ಎಂದೆ.

ಅವರು ತಮಾಷೆ ಎಂದುಕೊಂಡರು. ತಮಾಷೆಯಲ್ಲವೆಂದು ಗೊತ್ತಾದಾಗ ಮುಖ ಬಿಗಿಯಾಯಿತು. ‘ಅಲ್ರಿ, ನೀವೇನು ಪುಡಿಗೆ ಚಿಕೋರಿ ಹಾಕಲ್ವಾ?’

‘ಹಾಕ್ತೀನಿ. ಹೇಳಿ ಹಾಕ್ತೀನಿ.’

‘ಎಂಥ ಮಾರಾಯ್ರೆ, ಮಕ್ಕಳ ಪ್ರ‌ಬಂಧಕ್ಕೆ ಇಷ್ಟೆಲ್ಲಾ’ ಎಂದು ಗೊಣಗುತ್ತ ಚೀಲ ಎತ್ತಿಕೊಂಡು ಹೋದರು. ನನ್ನ ಮನೆಯವರು ಒಳಗಿನಿಂದ ಬಂದು, ಹಳೇ ಗಿರಾಕಿಯನ್ನು ಕಳೆದುಕೊಂಡದ್ದಕ್ಕೆ ನನಗೆ ಬೈದರು.

ಆ ರಾತ್ರಿಯಷ್ಟೇ ಅಲ್ಲ, ಆ ತಿಂಗಳೆಲ್ಲ ಯೋಚಿಸಿದೆ. ಆ ಅಜ್ಜಿಯನ್ನು ಯಂತ್ರ ಎಲ್ಲಿಂದ ತಂದಿತು? ಅದು ಅಡುಗೆಮನೆ ಕಂಡಿಲ್ಲ, ಕಡುಬಿನ ಹಬೆ ಅದರ ಮುಖಕ್ಕೆ ಬಡಿದಿಲ್ಲ. ನಮ್ಮಂಥವರು ಬರೆದು ಬರೆದು ಒಟ್ಟಿದ ರಾಶಿಯಿಂದ ತಂದಿತು. ನನ್ನ ಮೂರು ಸಂಕಲನ ತೆಗೆದು ನೋಡಿದೆ. ಏಳು ಅಜ್ಜಿಯರು. ಏಳೂ ಜನ ಒಲೆಯ ಮುಂದೆಯೇ ಕೂತಿದ್ದರು. ಒಬ್ಬಳಾದರೂ ಎದ್ದು ಬೀದಿಗೆ ಬಂದಿರಲಿಲ್ಲ, ಒಬ್ಬಳ ಹೆಸರನ್ನಾದರೂ ಯಾರೂ ತಪ್ಪಾಗಿ ಕರೆದಿರಲಿಲ್ಲ. ಹೇಳದೆ ಕೇಳದೆ ನಮ್ಮ ಮನೆಯ ಸಾಮಾನನ್ನೆಲ್ಲ ಹೊತ್ತೊಯ್ದು, ಕಲಸಿ, ನಮಗೇ ಮಾರುವ ಯಂತ್ರದ ಮೇಲೆ ನನಗೆ ಸಿಟ್ಟಿದೆ, ಅದು ಹೋಗುವುದಿಲ್ಲ. ಹಾಗೆ ಒಯ್ಯಲು ಅಷ್ಟು ಸುಲಭವಾಗುವಂತೆ ಒಂದೇ ಅಜ್ಜಿಯನ್ನು ಏಳು ಸಲ ಬರೆದಿಟ್ಟವಳ ಮೇಲೂ ಸಿಟ್ಟಿದೆ. ನಾನು ಮೆಚ್ಚಿದ ಮಣ್ಣಿನ ವಾಸನೆ ನನ್ನದೇ ಹಳೇ ಪೊಟ್ಟಣದ್ದು. ಹೊಸದೊಂದು ಘಮ ಬಂದಾಗ ಮೂಗು ಅದನ್ನು ಕಲಬೆರಕೆ ಎಂದಿತು.

ಇನ್ನೊಂದು ವಿಷಯ ಹೇಳಬೇಕು. ಯಂತ್ರ ನಮ್ಮ ಕೆಲಸ ಕಸಿಯುತ್ತದೆ ಎಂದು ಎಲ್ಲ ಕಡೆ ಭಾಷಣ ಕೇಳುತ್ತೇವೆ, ನಾನೂ ಮಾಡಿದ್ದೇನೆ. ಕಸಿದುಕೊಂಡದ್ದು ಬೇರೆ. ಮೊದಲು ಒಂದು ಮಗು ಒಳ್ಳೆಯ ಸಾಲು ಬರೆದರೆ ‘ಭಲೇ’ ಎನ್ನುತ್ತಿದ್ದೆವು. ಈಗ ‘ಎಲ್ಲಿಂದ ತಂದೆ?’ ಎನ್ನುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕದ್ದ ಹುಡುಗ ಪುಸ್ತಕದಲ್ಲಿ ಅಚ್ಚಾದ, ಬರೆದ ಹುಡುಗಿಯ ಮೇಲೆ ಬರೆ ಬಿತ್ತು. ಎಳೆದದ್ದು ಯಂತ್ರವಲ್ಲ, ಕೆಂಪು ಪೆನ್ಸಿಲ್ ನನ್ನ ಕೈಯಲ್ಲಿತ್ತು.

ಸಂಘದವರ ಬಳಿ ಹೋಗಿ ಎಲ್ಲ ಹೇಳಿದೆ. ತಿದ್ದುಪಡಿ ಹಾಕಿಸಿ, ಆ ಹುಡುಗಿಯ ಪ್ರಬಂಧ ಅಚ್ಚು ಮಾಡಿಸಿ, ಸಭೆ ಕರೆಯಿರಿ, ನಾನೇ ನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಎಂದೆ. ‘ಪುಸ್ತಕ ಹಂಚಿ ಆಗಿದೆ ಅಕ್ಕ. ಸುಮ್ನೆ ಯಾಕೆ ದೊಡ್ಡದು ಮಾಡ್ತೀರಿ’ ಎಂದರು. ಎಸ್ಟೇಟಿನವರನ್ನು ಎದುರುಹಾಕಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಅವರಲ್ಲೊಬ್ಬರು, ‘ಮುಂದಿನ ಸಲ ತೀರ್ಪನ್ನೂ ಎ.ಐ.ಗೇ ಕೊಟ್ಬಿಡೋಣ, ಯಾರಿಗೂ ನಿಷ್ಠುರ ಆಗಲ್ಲ’ ಎಂದರು. ತಮಾಷೆಗಲ್ಲ, ನಿಜಕ್ಕೂ ಹೇಳಿದರು. ಉಳಿದವರು ತಲೆಯಾಡಿಸಿದರು. ಅಲ್ಲಿಂದೆದ್ದು ಬರುವಾಗ ಹದಿನೇಳನೇ ನಂಬರಿನ ಹಾಳೆಯನ್ನು ಕೇಳಿ ಪಡೆದುಕೊಂಡೆ. ‘ಯಂತ್ರದ ಬರಹ’ ಎಂಬುದನ್ನು ಹೊಡೆದು, ಕೆಳಗೆ ‘ಇದು ನನ್ನ ತಪ್ಪು’ ಎಂದು ಬರೆದು ಮತ್ತೆ ಸಹಿ ಹಾಕಿದೆ.

ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ನನ್ನನ್ನು ಆ ಲೈನಿಗೆ ಕರೆದುಕೊಂಡು ಹೋದರು. ಬಣಕಲ್‌ವರೆಗೆ ಬಸ್ಸು, ಆಮೇಲೆ ಅರ್ಧ ಗಂಟೆ ನಡಿಗೆ. ಶೀಟು ಹೊದಿಸಿದ ಸಾಲುಮನೆಗಳು. ಕಣದಲ್ಲಿ ಕೊನೆಯ ಕುಯ್ಲಿನ ರೋಬಸ್ಟಾ ಕಾಫಿ ಒಣಗುತ್ತಿತ್ತು. ಹುಡುಗಿಯ ತಾಯಿ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ‘ಕೂತ್ಕೊ ಅಕ್ಕ’ ಎಂದು, ಹಾಲಿಲ್ಲದ ಕೆಂಪು ಚಹಾ ತಂದುಕೊಟ್ಟಳು. ಕಾಫಿ ಕುಯ್ಯುವವರ ಮನೆಯಲ್ಲಿ ಕಾಫಿ ಇರಲಿಲ್ಲ. ಮಗಳು ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದಳು. ಎರಡು ಜಡೆ, ಭಾನುವಾರವೂ ಶಾಲೆಯ ಸ್ವೆಟರ್.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ‘ನಾನು ತಪ್ಪು ಮಾಡಿದೆ ಕಣಮ್ಮ. ಅಷ್ಟು ಜನರ ಮುಂದೆ ನಿನ್ನ ಬರಹಕ್ಕೆ, ನಿನ್ನ ಅಮ್ಮನಿಗೆ ಅವಮಾನ ಮಾಡಿದೆ’ ಎಂದೆ.

‘ಪರವಾಗಿಲ್ಲ ಮೇಡಂ’ ಎಂದಳು. ಮೇಷ್ಟ್ರು ಹೇಳಿದ್ದು ನಿಜ, ಅವಳ ಮಾತೂ ಅಚ್ಚಿನ ಹಾಗೆಯೇ ಇತ್ತು. ‘ನೀವು ಅಂದು ಹೇಳಿದ ಮಾತುಗಳಿಂದ ನನಗೆ ಪ್ರಯೋಜನವಾಯಿತು. ಮನುಷ್ಯರು ಹೇಗೆ ಬರೆಯುತ್ತಾರೆ ಎಂದು ನೀವು ಉದಾಹರಣೆ ಕೊಟ್ಟು ವಿವರಿಸಿದಿರಿ. ಮುಂದಿನ ಸ್ಪರ್ಧೆಗೆ ನಾನು ಈಗಲೇ ಸಿದ್ಧತೆ ಮಾಡಿಕೊಂಡಿದ್ದೇನೆ.’

ಒಳಗೆ ಹೋಗಿ ನೋಟ್‌ಬುಕ್ ತಂದಳು. ಅದರ ಜತೆಗೆ ಸಂಘದವರು ಹಂಚಿದ ಪುಸ್ತಕವೂ ಇತ್ತು. ಗೆದ್ದ ಪ್ರಬಂಧದ ತುಂಬ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮಳೆ ಬರುತ್ತಿತ್ತು. ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಲೆಯ ಮುಂದೆ ಒಬ್ಬ ಅಜ್ಜಿ ಕೂತು ಕಡುಬು ಬೇಯಿಸುತ್ತ, ‘ಎದ್ದೇಳೇ ಮಾರಾಯ್ತಿ’ ಎನ್ನುತ್ತಿದ್ದಳು. ನಾನು ತಲೆಯೆತ್ತಿ ಆ ಮನೆಯ ತಗಡಿನ ಶೀಟು ನೋಡಿದೆ. ಮತ್ತೆ ಮೊದಲಿನಿಂದ ಕೊನೆಯವರೆಗೆ ಓದಿದೆ. ನದಿ ಇರಲಿಲ್ಲ. ಹಾಜರಿ ಇರಲಿಲ್ಲ. ಅಮ್ಮ ಎಲ್ಲೂ ಇರಲಿಲ್ಲ.

‘ನಿನಗೆ ಅಜ್ಜಿ ಇದಾರಾ?’ ಎಂದು ಕೇಳಿದೆ.

‘ಅಸ್ಸಾಮಿನಲ್ಲಿದ್ದಾರೆ. ಅವರು ದೋಣಿಯಲ್ಲಿ ಮೀನು ಮಾರಲು ಹೋಗುತ್ತಾರೆ. ಅದನ್ನು ಬರೆದರೆ ಯಾರೂ ನಂಬುವುದಿಲ್ಲ.’

ಚೀಲದಿಂದ ಹದಿನೇಳನೇ ನಂಬರಿನ ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ಇದನ್ನೇ ನಂಬು, ಇದರ ಹಾಗೆಯೇ ಬರಿ ಎಂದು ಬೇಡಿಕೊಂಡೆ. ಅವಳು ಕೆಂಪು ಗೆರೆಗಳನ್ನು, ನನ್ನ ಎರಡೂ ಸಹಿಗಳನ್ನು ನೋಡಿದಳು. ಮಡಿಸಿ ಮರಳಿ ನನ್ನ ಕೈಗಿಟ್ಟಳು. ‘ಇದನ್ನು ನೀವೇ ಇಟ್ಟುಕೊಳ್ಳಿ ಮೇಡಂ’ ಎಂದಳು.

ಆ ಹೊತ್ತಿಗೆ ಕೆಳಗಿನ ದಾರಿಯಿಂದ ತೋಟದ ಮೇಸ್ತ್ರಿ ಕೂಗಿದ. ನಾಳೆ ಯಾವ ಕಡೆ ಕೆಲಸ ಎಂದು ಹೇಳಲು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದ. ಒಂದು ಹೆಸರು ಕೇಳಿಸಿತು. ಹುಡುಗಿಯ ತಾಯಿ ನನ್ನ ಖಾಲಿ ಲೋಟ ಕೆಳಗಿಟ್ಟು, ‘ಬಂದೆ’ ಎಂದು ಸೆರಗು ಸರಿಮಾಡಿಕೊಂಡು ಇಳಿದು ಹೋದಳು. ಅದು ಅವಳ ಹೆಸರಲ್ಲವೆಂದು ಅಲ್ಲಿದ್ದ ನಮ್ಮ ಮೂವರಿಗೂ ಗೊತ್ತಿತ್ತು. ಹುಡುಗಿ ಆ ಕಡೆ ನೋಡಲೂ ಇಲ್ಲ.

ನೋಟ್‌ಬುಕ್ಕಿನ ಆ ಅಜ್ಜಿಯ ಪುಟವನ್ನು ಕಿತ್ತು ಹರಿದುಹಾಕಬೇಕೆನ್ನಿಸಿತು. ಆದರೆ ಅವಳ ಬರಹದ ಮೇಲೆ ಇನ್ನೊಮ್ಮೆ ಕೈ ಮಾಡುವ ಹಕ್ಕು ನನಗಿರಲಿಲ್ಲ. ಅವಳು ಪೆನ್ಸಿಲ್ ಹಿಡಿದುಕೊಂಡು, ತಿದ್ದಿಸಿಕೊಳ್ಳುವ ಮಕ್ಕಳು ನಿಲ್ಲುವ ಹಾಗೆ, ನನ್ನ ಕುರ್ಚಿಯ ಪಕ್ಕ ಬಂದು ನಿಂತಳು.

‘ಅಜ್ಜಿ ಸರಿಯಾಗಿ ಬಂದಿದ್ದಾರೆಯೇ ಮೇಡಂ?’ ಎಂದು ಕೇಳಿದಳು.